ನೆಲದ ಮೇಲಿನ ಬಡಗಿ, ನೆಲದಡಿಯ ಬಡಗಿ

ಅಮೆರಿಕದ ಮೊಂಟಾನಾ ರಾಜ್ಯದಲ್ಲಿ, ರಾಕಿ ಪರ್ವತಗಳ ನಡುವೆ ಬ್ಯೂಟ್ ಎಂಬ ತಾಮ್ರದ ಊರಿದೆ. ಅಲ್ಲಿನ ಎರಡು ಕಟ್ಟಡಗಳ ಕಥೆ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. ಒಂದು, ನಾರ್ತ್ ಮೇನ್ ಬೀದಿಯಲ್ಲಿದ್ದ ಗಣಿ ಕಾರ್ಮಿಕರ ಸಂಘದ ಭವನ. 1914ರ ಜೂನ್ 23ರ ರಾತ್ರಿ ಅದನ್ನು ಡೈನಮೈಟ್ ಇಟ್ಟು ಒಡೆದರು. ಆ ರಾತ್ರಿ ಭವನವನ್ನು ಮುತ್ತಿದ್ದವರು ಸಂಘದ ವಿರುದ್ಧವೇ ತಿರುಗಿ ಬಿದ್ದ ಗಣಿ ಕಾರ್ಮಿಕರು. ಇನ್ನೊಂದು, ವೆಸ್ಟ್ ಗ್ರಾನೈಟ್ ಬೀದಿಯಲ್ಲಿ ಬಡಗಿಗಳ ಸಂಘ 1906ರಲ್ಲಿ ಕಟ್ಟಿಸಿದ ಭವನ. ಅದು ಇಂದಿಗೂ ನಿಂತಿದೆ. ಸಾವಿರಾರು ಸದಸ್ಯರಿದ್ದ ದೊಡ್ಡ ಸಂಘ ಬಿದ್ದುಹೋಯಿತು, ಪಕ್ಕದ ಸಣ್ಣ ಸಂಘ ಉಳಿದುಕೊಂಡಿತು. ಇದು ಹೇಗಾಯಿತು ಎಂಬ ಪ್ರಶ್ನೆಯ ಬೆನ್ನು ಹತ್ತಿದರೆ ಮರದ ಕೆಲಸದಿಂದಲೇ ಆರಂಭಿಸಬೇಕಾಗುತ್ತದೆ.

ಗಣಿ ಎಂದರೆ ನಮ್ಮ ಕಣ್ಣಿಗೆ ಬರುವುದು ಕಲ್ಲು ಮತ್ತು ಲೋಹ. ಆದರೆ ಬ್ಯೂಟ್‌ನ ಗಣಿಗಳು ನಿಂತಿದ್ದು ಮರದ ಮೇಲೆ. 1860ರಲ್ಲಿ ನೆವಾಡಾದ ಕಾಮ್‌ಸ್ಟಾಕ್ ಬೆಳ್ಳಿ ಗಣಿಯಲ್ಲಿ ಫಿಲಿಪ್ ಡೈಡೆಶೈಮರ್ ಎಂಬ ಜರ್ಮನ್ ಮೂಲದ ಎಂಜಿನಿಯರ್ 'ಸ್ಕ್ವೇರ್ ಸೆಟ್' ಎಂಬ ವಿಧಾನವನ್ನು ಕಂಡುಹಿಡಿದ. ದಪ್ಪ ತೊಲೆಗಳ ತುದಿಗಳನ್ನು ಒಂದರ ಕಚ್ಚಿನಲ್ಲಿ ಇನ್ನೊಂದು ಕೂರುವಂತೆ ಕೆತ್ತಿ, ಆಳೆತ್ತರದ ಚೌಕಟ್ಟುಗಳನ್ನು ಜೋಡಿಸುವುದು. ಅದಿರು ತೆಗೆದಂತೆಲ್ಲ ಮೇಲಕ್ಕೂ ಪಕ್ಕಕ್ಕೂ ಹೊಸ ಚೌಕಟ್ಟು ಸೇರಿಸುತ್ತ ಹೋಗುವುದು. ಜೇನುಗೂಡಿನಂತೆ ಬೆಳೆಯುವ ಈ ಮರದ ಗೂಡು ಬೆಟ್ಟದ ಭಾರವನ್ನು ಹೊರುತ್ತಿತ್ತು. ಬ್ಯೂಟ್ ಈ ವಿಧಾನವನ್ನು ಅಪ್ಪಿಕೊಂಡಿತು. ಪಶ್ಚಿಮ ಮೊಂಟಾನಾದ ಕಾಡುಗಳು ಬಾನರ್ ಎಂಬಲ್ಲಿನ ದೊಡ್ಡ ಗರಗಸದ ಕಾರ್ಖಾನೆಗೆ ಬಂದು ಬಿದ್ದವು. ಊರಿನ ಪಕ್ಕದ ರಾಕರ್‌ನಲ್ಲಿ ತೊಲೆಗಳಿಗೆ ಕಚ್ಚು ಕೊರೆದು ಗಣಿಗೆ ಕಳಿಸುವ ಘಟಕವೇ ಇತ್ತು.

ಅಂದರೆ ಊರಿನಲ್ಲಿ ಎರಡು ಬಗೆಯ ಬಡಗಿಗಳಿದ್ದರು. ಮನೆ, ಅಂಗಡಿ, ಗಣಿಯ ಮೇಲ್ಭಾಗದ ಕಟ್ಟಡಗಳನ್ನು ಕಟ್ಟುವವನು ಒಬ್ಬ. ಅವನು ಬಡಗಿ ಸಂಘದ ಸದಸ್ಯ. ನೆಲದಡಿಯಲ್ಲಿ ಮಂದ ಬೆಳಕಿನಲ್ಲಿ ತೊಲೆ ನಿಲ್ಲಿಸುವವನು ಇನ್ನೊಬ್ಬ. ಅವನನ್ನು 'ಟಿಂಬರ್‌ಮನ್' ಎನ್ನುತ್ತಿದ್ದರು, ಅವನು ಗಣಿ ಸಂಘದವನು. ಇಬ್ಬರ ಕೈಯಲ್ಲೂ ಅದೇ ಕೊಡಲಿ, ಅದೇ ಗರಗಸ. ಒಬ್ಬನನ್ನು ಅವನ ಕಸುಬು ಗುರುತಿಸಿತು, ಇನ್ನೊಬ್ಬನನ್ನು ಅವನು ಇಳಿದ ಗುಂಡಿ ಗುರುತಿಸಿತು. ಅಮೆರಿಕದ ಕಾರ್ಮಿಕ ಚಳವಳಿಯನ್ನು ಎರಡಾಗಿ ಸೀಳಿದ ಗೆರೆ ಬ್ಯೂಟ್‌ನಲ್ಲಿ ಈ ಇಬ್ಬರ ನಡುವೆಯೇ ಹಾದುಹೋಗಿತ್ತು.

ಗಣಿ ಸಂಘ ಹುಟ್ಟಿದ್ದು 1878ರ ಜೂನ್ 13ರಂದು. ಎರಡು ಗಣಿಗಳ ಮಾಲೀಕರು ದಿನಗೂಲಿಯನ್ನು ಮೂರೂವರೆ ಡಾಲರ್‌ನಿಂದ ಮೂರಕ್ಕೆ ಇಳಿಸಲು ಹೊರಟಾಗ ಕಾರ್ಮಿಕರು ಎದ್ದು ನಿಂತರು. ಅವರ ಬೇಡಿಕೆ ಸರಳವಾಗಿತ್ತು: ನೆಲದಡಿಗೆ ಇಳಿಯುವ ಪ್ರತಿಯೊಬ್ಬನಿಗೂ, ಕುಶಲಿಯಿರಲಿ ಇಲ್ಲದಿರಲಿ, ಮೂರೂವರೆ ಡಾಲರ್. ಅಪಾಯ ಎಲ್ಲರಿಗೂ ಒಂದೇ ಆದ್ದರಿಂದ ಕೂಲಿಯೂ ಒಂದೇ ಇರಬೇಕು ಎಂಬ ತರ್ಕ ಅದು. ಅವರು ಗೆದ್ದರು. 1893ರಲ್ಲಿ ಪಶ್ಚಿಮದ ಗಣಿಗಾರರ ಒಕ್ಕೂಟ ಬ್ಯೂಟ್‌ನಲ್ಲೇ ಸ್ಥಾಪನೆಯಾದಾಗ ಈ ಸಂಘಕ್ಕೆ ಒಂದನೇ ನಂಬರ್ ಸಿಕ್ಕಿತು. ಕಾರ್ಮಿಕ ಸಂಘಗಳ ಜಿಬ್ರಾಲ್ಟರ್ ಎಂದು ಊರು ಹೆಸರಾಯಿತು.

ಬಡಗಿಗಳ ಹಾದಿ ಬೇರೆ. ಅವರ ರಾಷ್ಟ್ರೀಯ ಸಂಘಟನೆ 1881ರಲ್ಲಿ ಷಿಕಾಗೋದಲ್ಲಿ ಪೀಟರ್ ಮೆಗ್ವೈರ್ ನೇತೃತ್ವದಲ್ಲಿ ಕಟ್ಟಿದ್ದು. 1890ರ ಮೇ 1ರಂದು ದಿನಕ್ಕೆ ಎಂಟೇ ಗಂಟೆ ದುಡಿಮೆ ಎಂಬ ಹೋರಾಟಕ್ಕೆ ಅಮೆರಿಕದ ಕಾರ್ಮಿಕ ಒಕ್ಕೂಟ ಮುಂದೆ ನಿಲ್ಲಿಸಿದ್ದು ಬಡಗಿಗಳನ್ನೇ. ಬ್ಯೂಟ್‌ನ ಶಾಖೆಗೆ 112ನೇ ನಂಬರ್. ಸಂಘದ ತಳಹದಿ ಇದ್ದದ್ದು ಕಸುಬಿನ ಮೇಲೆ: ಕೆಲಸ ಬಲ್ಲವನಿಗೆ ಕಾರ್ಡು, ಕಾರ್ಡಿದ್ದವನಿಗೆ ಕೆಲಸ. ಅವರಿಗೆ ಇನ್ನೊಂದು ಅನುಕೂಲವಿತ್ತು ಎಂದು ನನಗೆ ತೋರುತ್ತದೆ. ಗಣಿಯವನಿಗೆ ಕೊನೆಗೆ ಉಳಿದದ್ದು ಒಬ್ಬನೇ ಧಣಿ, ಅನಕೊಂಡ ಕಂಪನಿ. ಬಡಗಿಗೆ ಮನೆ ಕಟ್ಟಿಸುವ ಅಂಗಡಿಯವನೂ ಧಣಿ, ಗುತ್ತಿಗೆದಾರನೂ ಧಣಿ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದನ್ನು ತಟ್ಟಬಹುದಿತ್ತು.

ಆ ಒಬ್ಬನೇ ಧಣಿ ಗಣಿ ಸಂಘವನ್ನು ಹೇಗೆ ಮುರಿದ ಎಂಬುದನ್ನು ನೋಡಿ. 1912ರಲ್ಲಿ ಕಂಪನಿ ನೂರಾರು ಫಿನ್‌ಲೆಂಡ್ ಮೂಲದ ಸಮಾಜವಾದಿ ಕಾರ್ಮಿಕರನ್ನು ಒಮ್ಮೆಲೇ ಹೊರಹಾಕಿತು. ಅದೇ ವರ್ಷದ ಕೊನೆಗೆ, ಕೆಲಸ ಹುಡುಕುವುದಕ್ಕೂ ಕಂಪನಿಯ ಕಚೇರಿಯಿಂದ ಚೀಟಿ ಬೇಕು ಎಂಬ ನಿಯಮ ತಂದಿತು. ಸಂಘದ ನಾಯಕರು ಹೋರಾಡಲಿಲ್ಲ. ಸದಸ್ಯರ ಸಿಟ್ಟು 1914ರ ಜೂನ್ 13ರಂದು, ಸಂಘದ ಹುಟ್ಟುಹಬ್ಬದ ಮೆರವಣಿಗೆಯ ದಿನವೇ, ಬೀದಿಯಲ್ಲಿ ಸ್ಫೋಟಿಸಿತು. ಹತ್ತು ದಿನಗಳ ನಂತರ ಭವನ ಉರುಳಿತು. ಸೈನ್ಯದ ಆಡಳಿತ ಬಂತು. ಇನ್ನು ಯಾವ ಗಣಿ ಸಂಘಕ್ಕೂ ಮಾನ್ಯತೆ ಇಲ್ಲ ಎಂದಿತು ಕಂಪನಿ. ಆ ಮಾತು ಇಪ್ಪತ್ತು ವರ್ಷ ನಡೆಯಿತು. ಎಲ್ಲರನ್ನೂ ಒಳಗೊಂಡಿದ್ದ ಸಂಘವನ್ನು ಒಡೆದರೆ ಎಲ್ಲರೂ ಒಡೆದಂತೆಯೇ.

ಸಂಘವಿಲ್ಲದ ಆ ಕಾಲದಲ್ಲೇ, 1917ರ ಜೂನ್ 8ರ ರಾತ್ರಿ, ಗ್ರಾನೈಟ್ ಮೌಂಟನ್ ಗಣಿಯಲ್ಲಿ ಬೆಂಕಿ ಬಿತ್ತು. ಕೆಳಗೆ ಇಳಿಸುತ್ತಿದ್ದ ವಿದ್ಯುತ್ ಕೇಬಲ್ಲಿನ ಹೊದಿಕೆಗೆ ಕಾರ್ಬೈಡ್ ದೀಪದ ಕಿಡಿ ತಗುಲಿ, ಗುಂಡಿಯ ಮರದ ಚೌಕಟ್ಟುಗಳು ಉರಿಯತೊಡಗಿದವು. ಹೊಗೆ ಪಕ್ಕದ ಗಣಿಗಳಿಗೂ ಹರಿದು 168 ಮಂದಿ ಸತ್ತರು. ಬೆಟ್ಟವನ್ನು ಎತ್ತಿ ಹಿಡಿದ ಮರವೇ ಬೆಂಕಿಗೆ ಉರುವಲಾಯಿತು. ಅದೇ ರಾತ್ರಿ ಮ್ಯಾನಸ್ ಡಗ್ಗನ್ ಎಂಬ ಎಳೆ ವಯಸ್ಸಿನ ಕೆಲಸಗಾರ 29 ಮಂದಿಯ ಗುಂಪನ್ನು ಸುರಂಗವೊಂದರೊಳಗೆ ಕರೆದೊಯ್ದು, ಸಿಕ್ಕ ಮರ, ಮಣ್ಣು, ಮೈಮೇಲಿನ ಬಟ್ಟೆಗಳಿಂದ ಹೊಗೆಗೆ ಅಡ್ಡಗೋಡೆ ಕಟ್ಟಿಸಿದ. 25 ಮಂದಿ ಬದುಕಿ ಬಂದರು. ಅವನು ಬರಲಿಲ್ಲ.

ದುರಂತದ ಬೆನ್ನಿಗೇ ಮುಷ್ಕರ ಶುರುವಾಯಿತು. ವಿದ್ಯುತ್ ಕೆಲಸಗಾರರು, ಲೋಹ ಕಸುಬಿನವರು ಕೂಡ ಕೆಲಸ ಬಿಟ್ಟರು. ಆದರೆ ಕಸುಬು ಸಂಘಗಳು ತಮ್ಮ ಮಟ್ಟಿಗೆ ರಾಜಿಯಾದವು, ಗಣಿಯವರು ಒಂಟಿಯಾದರು. ಅವರನ್ನು ಸಂಘಟಿಸಲು ಬಂದ ಫ್ರಾಂಕ್ ಲಿಟ್ಲ್‌ನನ್ನು ಆಗಸ್ಟ್ 1ರ ನಸುಕಿನಲ್ಲಿ ಮುಸುಕುಧಾರಿಗಳು ಎಳೆದೊಯ್ದು ರೈಲು ಸೇತುವೆಗೆ ನೇಣು ಹಾಕಿದರು.

1934ರಲ್ಲಿ ಗಣಿ ಕಾರ್ಮಿಕರು ಮತ್ತೆ ಎದ್ದರು, ತಿಂಗಳುಗಟ್ಟಲೆ ಮುಷ್ಕರ ಮಾಡಿ ಮಾನ್ಯತೆ ಗಳಿಸಿದರು. ಆಗಲೂ ಕಸುಬು ಸಂಘಗಳ ಪರವಾಗಿ ಜಾನ್ ಫ್ರೇಯಂಥ ರಾಷ್ಟ್ರೀಯ ನಾಯಕರು ಕಂಪನಿಯೊಂದಿಗೆ ಪ್ರತ್ಯೇಕ ಒಪ್ಪಂದಕ್ಕೆ ಬಂದರು. ಆ ಗಾಯದ ನೋವು ದೂರ ಹೋಯಿತು. 1935ರ ಅಕ್ಟೋಬರಿನಲ್ಲಿ ಅಟ್ಲಾಂಟಿಕ್ ಸಿಟಿಯ ಮಹಾಧಿವೇಶನದಲ್ಲಿ ಕಸುಬಿಗೊಂದು ಸಂಘವೋ, ಇಡೀ ಉದ್ಯಮಕ್ಕೊಂದು ಸಂಘವೋ ಎಂಬ ಚರ್ಚೆ ಕಾವೇರಿದಾಗ, ಕಲ್ಲಿದ್ದಲು ಗಣಿಗಾರರ ನಾಯಕ ಜಾನ್ ಎಲ್. ಲೂಯಿಸ್ ಎದ್ದು ಬಡಗಿಗಳ ಅಧ್ಯಕ್ಷ ವಿಲಿಯಂ ಹಚಿಸನ್‌ನ ಮುಖಕ್ಕೆ ಗುದ್ದಿದ. ಮರುತಿಂಗಳೇ ಲೂಯಿಸ್ ಬೇರೆ ಕೂಟ ಕಟ್ಟಿದ, ಬ್ಯೂಟ್‌ನ ಗಣಿಯವರ ಒಕ್ಕೂಟವೂ ಅದರ ಜೊತೆ ಹೋಯಿತು.

ಇದನ್ನೆಲ್ಲ ಓದಿ ಬಡಗಿಗಳನ್ನು ದ್ರೋಹಿಗಳೆನ್ನಲು ನನಗೆ ಮನಸ್ಸು ಬರುವುದಿಲ್ಲ. ಎಂಟು ಗಂಟೆಯ ದಿನ, ಕಸುಬಿನ ಮರ್ಯಾದೆ, ಇತರ ಸಂಘಗಳೂ ಸೇರುತ್ತಿದ್ದ ಒಂದು ಸಭಾಭವನ ಸಣ್ಣ ಸಾಧನೆಯಲ್ಲ. ಆದರೆ ಅವರು ಉಳಿದದ್ದಕ್ಕೆ ಬೆಲೆ ತೆತ್ತವರಲ್ಲಿ ನೆಲದಡಿಯ ಬಡಗಿಯೂ ಒಬ್ಬ ಎಂಬುದನ್ನು ಮರೆಯಲಾಗದು. ಅವನ ಕೈಗೂ ಆ ಕಸುಬು ಗೊತ್ತಿತ್ತು, ಅವನ ಬಳಿ ಆ ಕಾರ್ಡು ಮಾತ್ರ ಇರಲಿಲ್ಲ.

1955ರಲ್ಲಿ ಕಂಪನಿ ಬರ್ಕ್ಲಿ ಪಿಟ್ ಎಂಬ ತೆರೆದ ಗಣಿ ಆರಂಭಿಸಿತು. ಬೆಟ್ಟವನ್ನು ಮೇಲಿನಿಂದಲೇ ಅಗೆದು ಲಾರಿಗೆ ತುಂಬುವ ಕೆಲಸಕ್ಕೆ ತೊಲೆ ಬೇಡ, ಚೌಕಟ್ಟು ಬೇಡ. ಗುಂಡಿ ಹಿಗ್ಗುತ್ತ ಮೀಡರ್‌ವಿಲ್‌ನಂಥ ಬಡಾವಣೆಗಳನ್ನು ನುಂಗಿತು. ಆ ಮನೆಗಳನ್ನು ಕಟ್ಟಿದವರು ಮೇಲಿನ ಬಡಗಿಗಳು. ಯಾವ ಮುಷ್ಕರವೂ ಇಲ್ಲದೆ ಟಿಂಬರ್‌ಮನ್‌ನ ಕಸುಬು ಸೊರಗುತ್ತ ಹೋಯಿತು. 1982ರಲ್ಲಿ ಪಿಟ್ ಕೂಡ ಮುಚ್ಚಿ, ಈಗ ಅದರಲ್ಲಿ ವಿಷದ ನೀರು ತುಂಬಿದೆ. ವೆಸ್ಟ್ ಗ್ರಾನೈಟ್ ಬೀದಿಯ ಭವನಕ್ಕೆ ನೂರು ವರ್ಷ ದಾಟಿದೆ. ಟಿಂಬರ್‌ಮನ್‌ನ ಕೈಕೆಲಸ ಮಾತ್ರ ಬೆಟ್ಟದ ಹೊಟ್ಟೆಯಲ್ಲಿ, ಮುಚ್ಚಿಹೋದ ಸುರಂಗಗಳಲ್ಲಿ, ಯಾರ ಕಣ್ಣಿಗೂ ಬೀಳದೆ ಉಳಿದಿದೆ.