ದುಡಿಮೆಯ ನಾಯಿಗಳ ತಳಿರಕ್ಷಣೆ: ಹೊಣೆ ಯಾರದು?

ಆತಕೂರಿನ ಶಿಲಾಶಾಸನವು ತಕ್ಕೋಲದ ಯುದ್ಧದ ಉಲ್ಲೇಖದಿಂದ ಇತಿಹಾಸಜ್ಞರಿಗೆ ಸುಪರಿಚಿತವಾದುದು. ಶಕ 872ರ (ಕ್ರಿ. ಶ. 949-50) ಈ ಶಾಸನದಲ್ಲಿಯೇ ಕಾಳಿಯೆಂಬ ಬೇಟೆನಾಯಿಯ ವೃತ್ತಾಂತವೂ ಬಂದಿದೆ. ಗಂಗ ಬೂತುಗನ ಸೇವಕನಾದ ಮಣಲೆರನು ಆ ನಾಯಿಯನ್ನು ಮೆಚ್ಚಿನ ಕೊಡುಗೆಯಾಗಿ ಬೇಡಿ ಪಡೆದನು. ಅದು ಬೆಳ್ತೂರ ಬೆಟ್ಟದ ಬಳಿ ದೊಡ್ಡ ಹಂದಿಯೊಡನೆ ಕಾದಿತು, ಎರಡೂ ಸತ್ತುವು. ಚಲ್ಲೇಶ್ವರದ ಮುಂದೆ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಕಾಳಿಯ ಎತ್ತರವೆಷ್ಟು, ಬಣ್ಣವೇನು ಎಂಬ ವಿಚಾರವನ್ನು ಶಾಸನಕಾರನು ಎತ್ತಿಕೊಂಡಿಲ್ಲ. ಅವನಿಗೆ ಮುಖ್ಯವಾದುದು ನಾಯಿಯ ಕೆಲಸ.

ನಾಯಿಯ ತಳಿಗೆ ಅಂಗಲಕ್ಷಣವನ್ನು ಬರೆದಿಟ್ಟು, ಅದರಂತೆ ಶ್ರೇಷ್ಠತೆಯನ್ನು ಗೊತ್ತುಮಾಡುವ ಈಗಿನ ಪದ್ಧತಿಯು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಬೆಳೆಯಿತು. 1859ರಲ್ಲಿ ನ್ಯೂಕಾಸಲಿನಲ್ಲಿ ನಡೆದ ಪ್ರದರ್ಶನದಲ್ಲಿ ಬೇಟೆನಾಯಿಗಳು ಮಾತ್ರ ಇದ್ದುವು. ಮರುವರ್ಷವೇ ಬರ್ಮಿಂಗ್‌ಹ್ಯಾಮಿನಲ್ಲಿ ಸ್ಕಾಟ್ಲೆಂಡಿನ ಕುರಿನಾಯಿಗೂ ಸ್ಥಾನ ದೊರೆಯಿತು. ವಿಕ್ಟೋರಿಯಾ ರಾಣಿಯು ಕೋಲಿಯೆಂಬ ಈ ನಾಯಿಯನ್ನು ಮೆಚ್ಚಿ ಸಾಕಿದ ಮೇಲೆ ಶ್ರೀಮಂತರಿಗೂ ಅದು ಬೇಕಾಯಿತು. ಅವರ ಕೈಯಲ್ಲಿ ಅದರ ಮೋರೆ ನೀಳವಾಯಿತು, ರೋಮ ದಟ್ಟವಾಯಿತು; ಕುರಿಮಂದೆಯನ್ನು ಅದು ಕಾಣುವುದೇ ಅಪರೂಪವಾಯಿತು.

1873ನೆಯ ವರ್ಷವು ಈ ಕಥೆಯಲ್ಲಿ ಗಮನಾರ್ಹವಾದುದು. ಆ ಏಪ್ರಿಲಿನಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ಬು ಸ್ಥಾಪಿತವಾಯಿತು. ಅಕ್ಟೋಬರಿನಲ್ಲಿ ವೇಲ್ಸಿನ ಬಾಲಾ ಎಂಬ ಊರಿನಲ್ಲಿ ಕುರಿನಾಯಿಗಳ ಕಾರ್ಯಪರೀಕ್ಷೆಯು ಏರ್ಪಟ್ಟಿತು. ಒಂದು ಕಡೆ ನೋಟ, ಇನ್ನೊಂದು ಕಡೆ ದುಡಿಮೆ. ಒಂದೇ ಮೂಲದ ನಾಯಿಗೆ ಎರಡು ದಾರಿಗಳು ತೆರೆದುವು. ಎರಡನೆಯ ದಾರಿಯನ್ನು ಹಿಡಿದವರು 1906ರಲ್ಲಿ ಅಂತರರಾಷ್ಟ್ರೀಯ ಕುರಿನಾಯಿ ಸಂಘವನ್ನು ಕಟ್ಟಿದರು. 1893ರಲ್ಲಿ ನಾರ್ಥಂಬರ್ಲೆಂಡಿನಲ್ಲಿ ಹುಟ್ಟಿದ ‘ಹೆಂಪ್’ ಎಂಬ ಗಂಡುನಾಯಿಯು ಬೊಗಳದೆ, ಕಚ್ಚದೆ, ಬರಿಯ ದೃಷ್ಟಿಯಿಂದಲೇ ಕುರಿಗಳನ್ನು ನಡೆಸುತ್ತಿತ್ತು. ಕುರುಬರು ತಮ್ಮ ಹೆಣ್ಣುನಾಯಿಗಳನ್ನು ಅದರ ಬಳಿಗೆ ತಂದುದು ಈ ಗುಣಕ್ಕಾಗಿ. ಇಂದಿನ ಬಾರ್ಡರ್ ಕೋಲಿಗಳ ವಂಶಾವಳಿಯು ಬಹುಮಟ್ಟಿಗೆ ಅದನ್ನೇ ಮುಟ್ಟುತ್ತದೆ. ತಂದೆತಾಯಿಗಳ ದಾಖಲೆಯಿಲ್ಲದ ನಾಯಿಯನ್ನು ಸಹ, ಕೆಲಸದಲ್ಲಿ ತೇರ್ಗಡೆಯಾದರೆ, ಪುಸ್ತಕಕ್ಕೆ ಸೇರಿಸಿಕೊಳ್ಳುವ ನಿಯಮವನ್ನು ಈ ಸಂಘವು ಇಟ್ಟುಕೊಂಡಿದೆ. ರಕ್ತಶುದ್ಧಿಯ ಅಭಿಮಾನಿಗಳಿಗೆ ಇದು ಸೋಜಿಗವಾಗಿ ತೋರಬಹುದು.

1976ರಲ್ಲಿ ಕೆನಲ್ ಕ್ಲಬ್ಬು ಈ ತಳಿಯನ್ನೂ ಅಂಗೀಕರಿಸಿತು. ಆದರೆ ಮಂದೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗದ ನಾಯಿಗೆ ಅಲ್ಲಿ ‘ಪ್ರದರ್ಶನದ ಚಾಂಪಿಯನ್’ ಎಂಬ ಬಿರುದಷ್ಟೇ ಸಲ್ಲುತ್ತದೆ, ಪೂರ್ಣ ಬಿರುದಿಲ್ಲ. ಕುರುಬರ ಹಟಕ್ಕೆ ದೊರೆತ ಮನ್ನಣೆಯೆಂದು ಇದನ್ನು ಎಣಿಸಬೇಕು. ಅಮೆರಿಕದಲ್ಲಿ ಆ ಹಟವು ಗೆಲ್ಲಲಿಲ್ಲ. ದುಡಿಮೆಯ ನಾಯಿಗಳನ್ನು ಸಾಕುವವರು ಬಲವಾಗಿ ವಿರೋಧಿಸಿದರೂ 1995ರಲ್ಲಿ ಅಲ್ಲಿನ ಕೆನಲ್ ಕ್ಲಬ್ಬು ತಳಿಯನ್ನು ತನ್ನ ಪ್ರದರ್ಶನಕ್ಕೆ ಸೇರಿಸಿಕೊಂಡಿತು.

ಕನ್ನಡನಾಡಿನಲ್ಲಿ ಇದೇ ಪ್ರಶ್ನೆಯನ್ನು ಒಡ್ಡುವುದು ಮುಧೋಳದ ನಾಯಿ. ನೀಳವಾದ ಕಾಲು, ಆಳವಾದ ಎದೆ, ಒಣಗಿದ ಮೈ. ಮೊಲವನ್ನು ಕಣ್ಣಿನಿಂದ ಕಂಡು ಬಯಲಿನಲ್ಲಿ ಓಡಿ ಹಿಡಿಯುವ ಜಾತಿ ಇದು. ಬೇಡರೂ ಕುರುಬರೂ ಸಾಕುತ್ತಿದ್ದ ಈ ನಾಯಿಗಳನ್ನು ಆರಿಸಿ ಪೋಷಿಸಿದ ಕೀರ್ತಿಯು ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರಿಗೆ ಸಲ್ಲುತ್ತದೆ. ಓಟವೇ ಅಂದಿನ ಲಕ್ಷಣಶಾಸ್ತ್ರ. ಓಡಲಾರದ ನಾಯಿಯಿಂದ ಯಾರೂ ಮರಿ ಪಡೆಯುತ್ತಿರಲಿಲ್ಲ. 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾದುದರಿಂದ ರಾಜಾಶ್ರಯವು ತಪ್ಪಿತು. 1972ರ ವನ್ಯಜೀವಿ ಶಾಸನವೂ ಅದರ ತಿದ್ದುಪಡಿಗಳೂ ಬೇಟೆಯನ್ನು ನಿಷೇಧಿಸಿದುವು. ಶಾಸನವು ನ್ಯಾಯವಾದುದೇ ಸರಿ. ಆದರೆ ಅದರೊಡನೆ ನಾಯಿಯ ಪರೀಕ್ಷೆಯೂ ನಿಂತುಹೋಯಿತೆಂಬುದನ್ನು ಆಗ ಯೋಚಿಸಿದವರು ವಿರಳ.

ಇತ್ತ ಹೊಣೆ ಹೊರಲು ಬಂದವರಿಗೆ ಕೊರತೆಯಿಲ್ಲ. ಕೆನಲ್ ಕ್ಲಬ್ ಆಫ್ ಇಂಡಿಯಾ ಇದನ್ನು ‘ಕ್ಯಾರವಾನ್ ಹೌಂಡ್’ ಎಂದು ಕರೆಯುತ್ತದೆ. ಇನ್ನೊಂದು ಕ್ಲಬ್ಬು ‘ಮುಧೋಳ ಹೌಂಡ್’ ಎನ್ನುತ್ತದೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವು ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನ ಕೇಂದ್ರವನ್ನು ನಡೆಸುತ್ತಿದೆ. 2005ರಲ್ಲಿ ಅಂಚೆಚೀಟಿಯ ಮೇಲೆ ನಾಯಿಯ ಚಿತ್ರ ಬಂತು. 2016ರಲ್ಲಿ ಸೇನೆಯು ಮೀರತ್ತಿನಲ್ಲಿ ಕೆಲವು ಮರಿಗಳಿಗೆ ಶಿಕ್ಷಣ ಕೊಡಲಾರಂಭಿಸಿತು. ಕರ್ನಾಲದ ರಾಷ್ಟ್ರೀಯ ಪಶುತಳಿ ಸಂಸ್ಥೆಯೂ ಇದನ್ನು ಸ್ವದೇಶಿ ತಳಿಯೆಂದು ನೋಂದಾಯಿಸಿದೆ. ಆದರೆ ಕಾವಲಿಗೋ ವಾಸನೆ ಹಿಡಿಯುವುದಕ್ಕೋ ಕೊಡುವ ಶಿಕ್ಷಣವು ಓಟದ ಪರೀಕ್ಷೆಯಾಗಲಾರದು. ಎತ್ತರ ತೂಕಗಳ ಪಟ್ಟಿಯನ್ನು ತುಂಬುವ ಅಧಿಕಾರಿಗಿಂತಲೂ, ಯಾವ ಹೆಣ್ಣಿಗೆ ಯಾವ ಗಂಡನ್ನು ಕೂಡಿಸಬೇಕೆಂದು ನಿಶ್ಚಯಿಸುವ ಮುಧೋಳ ಸೀಮೆಯ ಸಾಕಣೆಗಾರನೇ ತಳಿಯ ನಿಜವಾದ ಒಡೆಯ. ಮರಿಯನ್ನು ಕೊಳ್ಳಲು ಬರುವ ಪಟ್ಟಣಿಗನು ಓಟವನ್ನು ಕೇಳುವುದಿಲ್ಲವಾದರೆ, ಅವನಾದರೂ ಅದನ್ನು ಏಕೆ ನೋಡಿಯಾನು? ಪಶ್ಚಿಮದೇಶಗಳಲ್ಲಿ ಜೀವಂತ ಮೊಲದ ಬದಲು ಹಗ್ಗದಿಂದ ಎಳೆಯುವ ಹುಸಿಬೇಟೆಯ ಹಿಂದೆ ಇಂಥ ನಾಯಿಗಳನ್ನು ಓಡಿಸಿ ಪರೀಕ್ಷಿಸುವುದುಂಟು. ಅಂತಹ ಬಯಲೊಂದನ್ನು ತಿಮ್ಮಾಪುರದಲ್ಲಿ ಏರ್ಪಡಿಸಿ, ಅಲ್ಲಿ ಓಡಿದ ನಾಯಿಯ ಹೆಸರಿನ ಮುಂದೆ ಆ ಸಂಗತಿಯನ್ನೂ, ಅದನ್ನು ಸಾಕಿದವನ ಹೆಸರನ್ನೂ ಬರೆಯುವುದಕ್ಕೆ ಹೊಸ ಕಾಯಿದೆಯೇನೂ ಬೇಕಾಗಿಲ್ಲ.