ಅಂಕಿಗಳೇ ಬರೆದ ಪುಟ

ಸರಾಸರಿ ಲೆಕ್ಕ ಹಾಕೋಕೆ, ಗ್ರಾಫ್ ಬಿಡಿಸೋಕೆ ಅಂತ ಹುಟ್ಟಿದ ಭಾಷೆಯಲ್ಲಿ ವೆಬ್ ಪುಟ ಯಾಕೆ ಕಟ್ಟಬೇಕು? ನಾನು ‘ಆರ್’ನಲ್ಲಿ ಪುಟ ಮಾಡೋದನ್ನ ನೋಡಿದ ಫ್ರಂಟ್‌ಎಂಡ್ ಗೆಳೆಯರು ಇದನ್ನೇ ಕೇಳ್ತಾರೆ. ದರ್ಶಿನಿಗೆ ಹೋಗಿ ಬಿರಿಯಾನಿ ಕೇಳಿದ ಹಾಗಾಯ್ತು ಅಂತ ನಗ್ತಾರೆ. ಇದಕ್ಕೆ ಉತ್ತರ ಚರಿತ್ರೆಯಲ್ಲಿದೆ.

1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ ಚೇಂಬರ್ಸ್ ಮತ್ತು ಸಹೋದ್ಯೋಗಿಗಳು ಸಂಖ್ಯಾಶಾಸ್ತ್ರಕ್ಕಾಗಿಯೇ ‘ಎಸ್’ ಅನ್ನೋ ಭಾಷೆ ಶುರು ಮಾಡಿದರು. 1990ರ ದಶಕದ ಆರಂಭದಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ, ರಾಬರ್ಟ್ ಜಂಟಲ್‌ಮನ್ ಅದೇ ದಾರಿಯಲ್ಲಿ ‘ಆರ್’ ಬರೆದರು. ಇಬ್ಬರ ಹೆಸರೂ ಆ ಅಕ್ಷರದಿಂದಲೇ ಶುರುವಾಗುತ್ತೆ. 1995ರಲ್ಲಿ ಅದು ಮುಕ್ತ ತಂತ್ರಾಂಶವಾಯಿತು. 2000ದ ಫೆಬ್ರವರಿ 29ರಂದು 1.0 ಆವೃತ್ತಿ ಬಂತು.

ಲೆಕ್ಕವೇನೋ ಯಂತ್ರ ಮಾಡುತ್ತಿತ್ತು. ಆದರೆ ಉತ್ತರವನ್ನು ವರದಿಗೆ ಸಾಗಿಸೋದು ಮಾತ್ರ ಮನುಷ್ಯನ ಕೈಯಲ್ಲೇ ಉಳಿದಿತ್ತು: ಕಾಪಿ, ಪೇಸ್ಟ್. ಹಳೇ ಅಂಗಡಿಗಳಲ್ಲಿ ಕಿರ್ದಿಯಿಂದ ಖಾತೆಗೆ ಲೆಕ್ಕ ಇಳಿಸುತ್ತಿದ್ದರಲ್ಲ, ಹಾಗೆ. ತಪ್ಪು ನುಸುಳೋದು ಆ ಇಳಿಸುವ ಹೊತ್ತಿನಲ್ಲೇ.

ಇದಕ್ಕೊಂದು ದಾರಿ ತೋರಿಸಿದ್ದು 2002ರಲ್ಲಿ ವಿಯೆನ್ನಾದ ಫ್ರೀಡ್ರಿಶ್ ಲೈಶ್ ಮಾಡಿದ ‘ಸ್ವೀವ್’. ಕೋಡನ್ನೂ ವಿವರಣೆಯನ್ನೂ ಒಟ್ಟಿಗೆ ಬರೆಯಬೇಕು ಅಂತ ಡೊನಾಲ್ಡ್ ನೂತ್ 1984ರಲ್ಲೇ ವಾದಿಸಿದ್ದರು. ಲೈಶ್ ಅದನ್ನು ವರದಿಗೆ ತಂದರು. ಬರಹದ ನಡುವೆಯೇ ಆರ್ ಕೋಡ್ ಇಟ್ಟರೆ, ಫೈಲ್ ಓಡಿಸಿದಾಗ ಕೋಡ್ ಇದ್ದ ಜಾಗದಲ್ಲಿ ಉತ್ತರ ಬಂದು ಕೂರುತ್ತಿತ್ತು. ಡೇಟಾ ಬದಲಾದರೆ ಮತ್ತೆ ಓಡಿಸಿದರಾಯಿತು.

ಇದು ಬರೀ ಅನುಕೂಲದ ಮಾತಲ್ಲ ಅಂತ ತೋರಿಸಿದ್ದು ಡ್ಯೂಕ್ ವಿಶ್ವವಿದ್ಯಾಲಯದ ಪ್ರಕರಣ. ಗಡ್ಡೆಯ ಜೀನ್‌ಗಳನ್ನು ನೋಡಿ ಯಾವ ಕೀಮೋ ಕೆಲಸ ಮಾಡುತ್ತೆ ಅಂತ ಹೇಳಬಹುದು ಅನ್ನೋ ಸಂಶೋಧನೆ ಅಲ್ಲಿಂದ 2006ರಲ್ಲಿ ಪ್ರಕಟವಾಯಿತು. ಮುಂದಿನ ವರ್ಷವೇ ರೋಗಿಗಳ ಮೇಲೆ ಪ್ರಯೋಗಗಳು ಶುರುವಾದವು. ಹ್ಯೂಸ್ಟನ್‌ನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಕೀತ್ ಬ್ಯಾಗರ್ಲಿ ಮತ್ತು ಕೆವಿನ್ ಕೂಂಬ್ಸ್ ಅದೇ ಲೆಕ್ಕವನ್ನು ಮತ್ತೆ ಮಾಡಲು ಹೋದರೆ ಉತ್ತರ ಹೊಂದಲಿಲ್ಲ. ಜೀನ್‌ಗಳ ಪಟ್ಟಿ ಒಂದು ಸಾಲು ಆಚೀಚೆ ಸರಿದಿತ್ತು. ಕೆಲವು ಕಡೆ ಔಷಧಕ್ಕೆ ಬಗ್ಗುವ ಮಾದರಿ, ಬಗ್ಗದ ಮಾದರಿ ಅನ್ನೋ ಹಣೆಪಟ್ಟಿಗಳೇ ಅದಲುಬದಲಾಗಿದ್ದವು.

2009ರಲ್ಲಿ ಇಬ್ಬರೂ ಇದನ್ನೆಲ್ಲ ಪ್ರಕಟಿಸಿದರು. ಯಾರು ಬೇಕಾದರೂ ಓಡಿಸಿ ನೋಡಲಿ ಅಂತ ತಮ್ಮ ವರದಿಗಳನ್ನು ಸ್ವೀವ್‌ನಲ್ಲಿ ಬರೆದಿದ್ದರು. 2010ರಲ್ಲಿ ಪ್ರಯೋಗಗಳು ನಿಂತವು, ಮರುವರ್ಷ ಮೂಲ ಲೇಖನವನ್ನು ಹಿಂತೆಗೆದುಕೊಂಡರು. ಡೇಟಾವನ್ನೇ ತಿರುಚಲಾಗಿತ್ತು ಅಂತ 2015ರಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಯೂ ಹೇಳಿತು. ಮೋಸವನ್ನು ಯಾವ ಸಾಫ್ಟ್‌ವೇರೂ ತಡೆಯಲ್ಲ, ನಿಜ. ಆದರೆ ಲೆಕ್ಕದ ದಾರಿ ತೆರೆದಿದ್ದರೆ ತಪ್ಪಿಗೂ ಮೋಸಕ್ಕೂ ಅಡಗಲು ಜಾಗ ಕಡಿಮೆ.

ಸ್ವೀವ್‌ನಿಂದ ಮುಖ್ಯವಾಗಿ ಬರುತ್ತಿದ್ದದ್ದು ಕಾಗದಕ್ಕೆ ಹೊಂದುವ ಪಿಡಿಎಫ್. ಓದುಗರು ಬ್ರೌಸರಿಗೆ ಹೋದಂತೆ ಆರ್ ಕೂಡ ಹಿಂದೆಯೇ ಹೋಯಿತು. 2012ರಲ್ಲಿ, ಅಯೋವಾದಲ್ಲಿ ಪಿಎಚ್‌ಡಿ ಮಾಡ್ತಿದ್ದ ಯಿಹುಯಿ ಶಿಯೆ ಅವರ ‘ನಿಟ್ಆರ್’ ಬಂತು. ಸರಳವಾದ ಮಾರ್ಕ್‌ಡೌನ್‌ನಲ್ಲಿ ಬರೆದದ್ದು ವೆಬ್ ಪುಟವಾಗತೊಡಗಿತು. ಅದೇ ವರ್ಷ ಆರ್‌ಸ್ಟುಡಿಯೋ ಕಂಪನಿಯ ‘ಶೈನಿ’ಯೂ ಬಂತು. ಅದರ ಪುಟ ಕಟ್ಟುವ ಭಾಗ 2014ರಲ್ಲಿ ‘ಎಚ್‌ಟಿಎಂಎಲ್‌ಟೂಲ್ಸ್’ ಅನ್ನೋ ಬೇರೆ ಪ್ಯಾಕೇಜಾಯಿತು.

ನನಗೆ ಇಷ್ಟವಾಗೋದು ಇದರ ಸರಳತೆ. ವೆಬ್ ಪುಟ ಅಂದರೆ ಡಬ್ಬಿಯೊಳಗೆ ಡಬ್ಬಿ: ಡಿವ್ ಒಳಗೆ ಪ್ಯಾರಾ, ಪ್ಯಾರಾ ಒಳಗೆ ಲಿಂಕ್. ಆರ್‌ನಲ್ಲಿ ಫಂಕ್ಷನ್ ಒಳಗೆ ಫಂಕ್ಷನ್ ಕರೆಯೋದೂ ಹಾಗೇ. ಹಾಗಾಗಿ ಒಂದೊಂದು ಟ್ಯಾಗಿಗೂ ಒಂದೊಂದು ಫಂಕ್ಷನ್ ಇದ್ದರೆ ಸಾಕು. ಟ್ಯಾಗ್ ಮುಚ್ಚೋದನ್ನ ಮರೆಯೋ ಪ್ರಶ್ನೆಯೇ ಇಲ್ಲ. ಡೇಟಾದಲ್ಲಿ ‘ಇದಕ್ಕಿಂತ ಕಡಿಮೆ’ ಅನ್ನೋ ಚಿಹ್ನೆ ಇದ್ದರೆ ಅದನ್ನು ಟ್ಯಾಗಿನ ಬಾಗಿಲು ಅಂತ ಬ್ರೌಸರ್ ತಪ್ಪು ತಿಳಿಯದ ಹಾಗೆ ತಾನೇ ಬದಲಿಸುತ್ತೆ. ಇನ್ನೂರು ಸಾಲಿನ ಡೇಟಾ ಕೊಟ್ಟರೆ ಇನ್ನೂರು ಸಾಲಿನ ಟೇಬಲ್. ನಡುವೆ ಯಾರ ಕೈಯೂ ಇಲ್ಲ.

ಗೆಳೆಯರಿಗೆ ನಾನು ಹೇಳೋದು ಇಷ್ಟೇ: ನಿಮ್ಮ ರಿಯಾಕ್ಟಿಗೆ ಪೈಪೋಟಿ ಕೊಡೋಕೆ ಇದು ಬಂದಿಲ್ಲ. ಅಂಕಿ ಹುಟ್ಟಿದ ಜಾಗಕ್ಕೂ ಅದು ಕಾಣುವ ಜಾಗಕ್ಕೂ ನಡುವಿನ ಅಂತರ ಮುಚ್ಚೋಕೆ ಬಂದಿದೆ. ಮುಂದಿನ ಸಲ ಮೀಟಿಂಗಿನಲ್ಲಿ ಚೆಂದದ ಡ್ಯಾಶ್‌ಬೋರ್ಡ್ ತೋರಿಸಿದಾಗ ಬಣ್ಣ ಆಮೇಲೆ ನೋಡಿ. ಈ ಅಂಕಿ ಇಲ್ಲಿಗೆ ತಾನೇ ನಡೆದು ಬಂತೋ, ಯಾರಾದರೂ ಹೊತ್ತು ತಂದರೋ ಅಂತ ಮೊದಲು ಕೇಳಿ.