ಸ್ವಾತಂತ್ರ್ಯೋತ್ತರ ಆಫ್ರಿಕದ ಕಲಹಗಳು: ಒಂದು ಕಾರಣಮೀಮಾಂಸೆ

1960ನೆಯ ಇಸವಿಯ ಜೂನ್ 30ರಂದು ಬೆಲ್ಜಿಯಮ್ಮಿನ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ಕಾಂಗೋ ದೇಶದಲ್ಲಿ, ವಾರವೊಂದು ತುಂಬುವುದರೊಳಗಾಗಿ ಸೈನ್ಯವು ದಂಗೆಯೆದ್ದು, ಜುಲೈ 11ರಂದು ತಾಮ್ರದ ಗಣಿಗಳಿಂದ ಸಂಪನ್ನವಾದ ಕಟಾಂಗ ಪ್ರಾಂತವು ತಾನು ಪ್ರತ್ಯೇಕ ರಾಷ್ಟ್ರವೆಂದು ಸಾರಿಕೊಂಡು, ಮರುವರ್ಷದ ಜನವರಿಯಲ್ಲಿ ಪ್ರಥಮ ಪ್ರಧಾನಿ ಪಟ್ರೀಸ್ ಲುಮುಂಬಾ ಹತರಾದಾಗ, ಆ ಜನತೆಗೆ ಸ್ವಾತಂತ್ರ್ಯಕ್ಕೆ ತಕ್ಕ ಪರಿಪಕ್ವತೆಯಿರಲಿಲ್ಲವೆಂಬ ಮಾತು ಪಾಶ್ಚಾತ್ಯ ದೇಶಗಳಲ್ಲಿ ನಿರಾಯಾಸವಾಗಿ ಹರಡಿತು. ಆ ಸೈನ್ಯದ ಅಧಿಕಾರಿವರ್ಗವೆಲ್ಲ ಬೆಲ್ಜಿಯನ್ನರದೇ ಆಗಿದ್ದಿತೆಂಬುದನ್ನೂ, ಅಷ್ಟು ವಿಶಾಲವಾದ ದೇಶದಲ್ಲಿ ಪದವೀಧರರು ಬೆರಳೆಣಿಕೆಯಷ್ಟೇ ಇದ್ದರೆಂಬುದನ್ನೂ ನೆನೆದರೆ ಆ ಮಾತಿನ ಅನ್ಯಾಯವು ಗೋಚರಿಸದಿರದು. ಈ ಅನ್ಯಾಯದಿಂದ ಬಿಡಿಸಿಕೊಳ್ಳಲು ವಿದ್ವತ್ಪ್ರಪಂಚಕ್ಕೂ ದೀರ್ಘಕಾಲ ಹಿಡಿಯಿತು.

ಕೈಗಾರಿಕೆ, ಶಿಕ್ಷಣ, ನಗರಜೀವನಗಳು ವೃದ್ಧಿಸಿದಂತೆಲ್ಲ ಪ್ರಜಾಪ್ರಭುತ್ವವೂ ನೆಲೆಗೊಳ್ಳುವುದೆಂಬುದು ಮೊದಲ ತಲೆಮಾರಿನ ವಿದ್ವಾಂಸರಲ್ಲಿ ಹಲವರ ನಂಬಿಕೆಯಾಗಿದ್ದಿತು. 1966ರಲ್ಲಿ ನೈಜೀರಿಯ, ಘಾನಾಗಳೆರಡರಲ್ಲಿಯೂ ಸೈನ್ಯವು ಸರ್ಕಾರಗಳನ್ನು ಉರುಳಿಸಿದ ಮೇಲೆ ಆ ನಂಬಿಕೆಯು ಸಡಿಲವಾಯಿತು. ಜನರ ರಾಜಕೀಯ ಅಪೇಕ್ಷೆಗಳು ಬೆಳೆಯುವ ವೇಗದಲ್ಲಿ ಸಂಸ್ಥೆಗಳು ಬೆಳೆಯದಿದ್ದಲ್ಲಿ ಅರಾಜಕತೆಯೇ ಫಲವೆಂದು 1968ರಲ್ಲಿ ರಾಜ್ಯಶಾಸ್ತ್ರಜ್ಞ ಸ್ಯಾಮ್ಯುಯೆಲ್ ಹಂಟಿಂಗ್ಟನ್ ಪ್ರತಿಪಾದಿಸಿದರು. ಸೂಕ್ಷ್ಮವಾದ ಮಾತೇ ಸರಿ. ಆದರೆ ಸಂಸ್ಥೆಗಳನ್ನು ಬೆಳೆಯಗೊಡದವರು ಯಾರೆಂಬ ಪ್ರಶ್ನೆಯು ಅಲ್ಲಿ ಹಿಂದೆ ಸರಿಯಿತು. ಅಲ್ಜೀರಿಯದ ಯುದ್ಧವನ್ನು ಕಣ್ಣಾರೆ ಕಂಡ ವೈದ್ಯ ಫ್ರಾಂಟ್ಸ್ ಫ್ಯಾನನ್, ಪರಕೀಯರು ತೆರವುಮಾಡಿದ ಪೀಠವನ್ನೇರಿದ ದೇಶೀಯ ಮಧ್ಯಮವರ್ಗವು ಅವರ ದಲ್ಲಾಳಿಯಾಗಿಯೇ ಉಳಿಯುವುದೆಂದು 1961ರಲ್ಲಿಯೇ ಎಚ್ಚರಿಸಿದ್ದರು. ಗಯಾನಾದ ವಾಲ್ಟರ್ ರಾಡ್ನಿ 1972ರಲ್ಲಿ ಆಫ್ರಿಕದ ದಾರಿದ್ರ್ಯದ ಮೂಲವನ್ನು ಗುಲಾಮರ ವ್ಯಾಪಾರದವರೆಗೂ ಅರಸಿಕೊಂಡು ಹೋದರು.

ನನ್ನ ದೃಷ್ಟಿಯಲ್ಲಿ ಈ ವಿಚಾರಕ್ಕೆ ನಿಜವಾದ ತಿರುವನ್ನು ಕೊಟ್ಟುದು, ಉಗಾಂಡದ ಮಹಮೂದ್ ಮಮ್ದಾನಿ 1996ರಲ್ಲಿ ಪ್ರಕಟಿಸಿದ ಗ್ರಂಥ. ನಗರದಲ್ಲಿ ಪೌರರಿಗೊಂದು ಕಾನೂನು, ಹಳ್ಳಿಗಾಡಿನಲ್ಲಿ ಭೂಮಿ, ತೆರಿಗೆ, ನ್ಯಾಯ, ದಂಡನೆಗಳೆಲ್ಲವನ್ನೂ ಬುಡಕಟ್ಟಿನ ನಾಯಕನೊಬ್ಬನ ಮುಷ್ಟಿಗೊಪ್ಪಿಸಿದ ಮತ್ತೊಂದು ಕಾನೂನು, ಹೀಗೆ ವಸಾಹತು ಪ್ರಭುತ್ವವು ರಾಜ್ಯವನ್ನು ಇಬ್ಭಾಗಿಸಿತೆಂದೂ, ಸ್ವಾತಂತ್ರ್ಯವು ವರ್ಣಭೇದವನ್ನು ಅಳಿಸಿದರೂ ಈ ಇಬ್ಭಾಗವನ್ನು ಅಳಿಸಲಿಲ್ಲವೆಂದೂ ಅವರು ತೋರಿಸಿಕೊಟ್ಟರು. ರುವಾಂಡದಲ್ಲಿ ಬೆಲ್ಜಿಯನ್ನರು 1930ರ ದಶಕದಲ್ಲಿ ಗುರುತಿನ ಚೀಟಿಗಳ ಮೇಲೆ ಬರೆಯಿಸಿದ ಹುಟು, ಟುಟ್ಸಿ ಎಂಬ ಭೇದವನ್ನು 1994ರ ನರಮೇಧದಲ್ಲಿ ಕೊಲೆಗಡುಕರು ರಸ್ತೆತಡೆಗಳಲ್ಲಿ ಓದಿ, ಯಾರನ್ನು ಕೊಲ್ಲಬೇಕೆಂದು ನಿರ್ಧರಿಸಿದರು; ಇದನ್ನು ಪುರಾತನ ದ್ವೇಷವೆಂದು ಕರೆಯುವವರು ಇತಿಹಾಸಕ್ಕೆ ದ್ರೋಹ ಬಗೆಯುತ್ತಾರೆ.

ಅನಂತರ ಬಂದವರು ಅಂಕಿಅಂಶಗಳ ವಿದ್ವಾಂಸರು. ಅಂತರ್ಯುದ್ಧಕ್ಕೆ ಬುಡಕಟ್ಟುಗಳ ವೈವಿಧ್ಯಕ್ಕಿಂತಲೂ ಬಡತನ ಹಾಗೂ ರಾಜ್ಯದ ದೌರ್ಬಲ್ಯಗಳೇ ಹೆಚ್ಚು ಕಾರಣವೆಂದು ಫಿಯರನ್, ಲೈಟಿನ್ 2003ರಲ್ಲಿ ನಿರೂಪಿಸಿದರು. ಬಹುಪಾಲು ಒಂದೇ ಭಾಷೆ, ಒಂದೇ ಮತವುಳ್ಳ ಸೊಮಾಲಿಯದ ಪ್ರಭುತ್ವವು 1991ರಲ್ಲಿ ಕುಸಿದುದನ್ನೂ, ನೂರಕ್ಕೂ ಮಿಕ್ಕ ಪಂಗಡಗಳ ಟಾಂಜಾನಿಯ ಒಂದಾಗಿ ಉಳಿದುದನ್ನೂ ಬಲ್ಲವರಿಗೆ ಇದು ಅಚ್ಚರಿಯಲ್ಲ. ಪಾಲ್ ಕಾಲಿಯರ್ ಮೊದಲಾದವರು ಖನಿಜಸಂಪತ್ತಿನ ಲೋಭವನ್ನು ಮುಂದಿಟ್ಟರು. ಆದರೆ ಸಿಯೆರಾ ಲಿಯೋನಿನಲ್ಲಿ ಯುದ್ಧಕ್ಕೆ ಹಣವೊದಗಿಸಿದ ವಜ್ರಗಳೇ ಬೋಟ್ಸ್ವಾನದಲ್ಲಿ ಶಾಲೆ, ರಸ್ತೆಗಳಿಗೆ ಒದಗಿದುವು. ಅಲ್ಲಿನ ನಾಯಕರು ಊರ ಜನರ ಅಭಿಪ್ರಾಯವನ್ನು ಕೇಳುತ್ತಿದ್ದ ‘ಕ್ಗೋಟ್ಲ’ ಎಂಬ ಪ್ರಾಚೀನ ಸಭೆಯನ್ನು ಬ್ರಿಟಿಷರು ಹೆಚ್ಚು ಕದಲಿಸದೆ ಬಿಟ್ಟುದೂ ಇದಕ್ಕೊಂದು ಕಾರಣವೆಂದು ಅರ್ಥಶಾಸ್ತ್ರಜ್ಞ ಅಸೆಮೊಗ್ಲು ಮತ್ತು ಅವರ ಸಹೋದ್ಯೋಗಿಗಳು ಅಭಿಪ್ರಾಯಪಟ್ಟಿರುವರು.